ವೈದ್ಯರಾಗಲಿರುವ ನಮ್ಮ ಮಕ್ಕಳ ದಣಿವು



ಸಲ್ಮಾನ್ ಫಾರಿಸಿ(ರ) ಒಮ್ಮೆ ಅಬುದ್ದರ್ದಾ(ರ)ರ ಮನೆಗೆ ಹೋದರು. ಅವರು ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಬದುಕುತ್ತಿದ್ದರು; ಮನೆಯಾಕೆಯ ಕಡೆಗೂ ಗಮನವಿರಲಿಲ್ಲ. ಸಲ್ಮಾನ್(ರ) ಅವರನ್ನು ತಮ್ಮೊಂದಿಗೆ ಊಟಕ್ಕೆ ಕೂರಿಸಿದರು, ರಾತ್ರಿ ಮಲಗಿಸಿದರು, ಕೊನೆಯ ಜಾವದಲ್ಲಿ ಎಬ್ಬಿಸಿ ಜೊತೆಯಾಗಿ ನಮಾಝ್ ಮಾಡಿದರು. ಪ್ರಭುವಿಗೆ ಇರುವಂತೆ ಸ್ವಂತ ಶರೀರಕ್ಕೂ ಮನೆಯವರಿಗೂ ಹಕ್ಕಿದೆ ಎಂದು ತಿಳಿಹೇಳಿದರು. ಪ್ರವಾದಿ(ಸ) ಅದನ್ನು ಒಪ್ಪಿದರು. ಆರಾಧನೆಗೇ ಈ ಮಿತಿ ಇದ್ದರೆ ಓದಿಗೂ ಡ್ಯೂಟಿಗೂ ಇರಬೇಡವೇ?

ಇಂದು ನಮ್ಮ ಅನೇಕ ಮನೆಗಳಿಂದ ಮಕ್ಕಳು ಎಂಬಿಬಿಎಸ್‌ಗೆ ಹೋಗುತ್ತಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಸೀಟು ಸಿಕ್ಕಿದ ದಿನ ಸಿಹಿ ಹಂಚುತ್ತೇವೆ. ನಂತರದ ಐದೂವರೆ ವರ್ಷ ಆ ಮಗು ಹೇಗಿದೆ ಎಂಬುದು ಬೇರೆಯೇ ಮಾತು. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಕಲಿತವರಿಗೆ ಮೊದಲ ವರ್ಷದ ಅನಾಟಮಿ ಪುಸ್ತಕವೇ ಒಂದು ಬೆಟ್ಟ. ಊರಿನಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿ ಅಲ್ಲಿ ನೂರೈವತ್ತು ಜಾಣರ ನಡುವೆ ಒಬ್ಬಳು. ಮೇಲೆ ಬ್ಯಾಂಕ್ ಸಾಲ, ಇಂಟರ್ನ್‌ಶಿಪ್‌ನ ರಾತ್ರಿಗಳು, ಮತ್ತೆ ಪಿಜಿ ನೀಟ್. ಪಿಜಿ ಸೇರಿದರೆ ಒಂದೇ ಸಮನೆ 24, 36 ಗಂಟೆ ಡ್ಯೂಟಿ.

ಇದರಿಂದ ಬರುವ ಸ್ಥಿತಿಗೆ ಬರ್ನ್‌ಔಟ್ ಎನ್ನುತ್ತಾರೆ. ನಿದ್ದೆ ಮಾಡಿದರೂ ಹೋಗದ ದಣಿವು, ರೋಗಿ ಮನುಷ್ಯನಾಗದೆ ಬೆಡ್ ನಂಬರ್ ಆಗಿ ಕಾಣುವುದು, ತನ್ನಿಂದ ಏನೂ ಆಗದೆಂಬ ಭಾವನೆ. ಇದು ಸೋಮಾರಿತನವಲ್ಲ, ಈಮಾನಿನ ಕೊರತೆಯೂ ಅಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟಿತು. ಅದರ ಸಮೀಕ್ಷೆಗೆ ಉತ್ತರಿಸಿದ 25 ಸಾವಿರಕ್ಕೂ ಹೆಚ್ಚು ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ. 27.8ರಷ್ಟು ಮಂದಿ ತಮಗೆ ಮಾನಸಿಕ ಆರೋಗ್ಯದ ತೊಂದರೆಯಿದೆ ಎಂದಿದ್ದರು. ತಾವಾಗಿ ಉತ್ತರಿಸಿದವರ ಲೆಕ್ಕವಿದು, ಎಲ್ಲರದ್ದಲ್ಲ. ಆದರೂ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು! ರೆಸಿಡೆಂಟ್ ವೈದ್ಯರ ಕೆಲಸ ವಾರಕ್ಕೆ 74 ಗಂಟೆ ಮೀರಬಾರದು, ಒಂದು ದಿನ ರಜೆ ಬೇಕು ಎಂದು ಅದೇ ವರದಿ ಹೇಳಿದೆ. ದಿನಕ್ಕೆ ಹತ್ತು ಗಂಟೆಗೂ ಹೆಚ್ಚು ದುಡಿಸುವ ಈ ಅಂಕಿಯನ್ನೇ ಮಿತಿ ಎಂದು ಹೇಳಬೇಕಾಗಿ ಬಂದಿರುವುದು ಆಶ್ಚರ್ಯವೇ.

ಡ್ಯೂಟಿಯ ಗಂಟೆ ನಮ್ಮ ಕೈಯಲ್ಲಿಲ್ಲ, ಫೋನ್ ಇದೆ. ಮಾರ್ಕ್ಸ್ ಎಷ್ಟು ಎಂದು ಕೇಳುವ ಮೊದಲು ಊಟವಾಯಿತೇ, ಮಲಗಿದೆಯಾ ಎಂದು ಕೇಳೋಣ. ಒಂದು ವಿಷಯದಲ್ಲಿ ಫೇಲಾದರೆ ಅದು ಮನೆತನದ ಮಾನದ ಪ್ರಶ್ನೆಯಾಗಬಾರದು. ರಜೆಗೆ ಬಂದ ದಿನವೇ ಬಂಧುಗಳೆಲ್ಲ ಬಿಪಿ ನೋಡಿಸಿಕೊಳ್ಳಲು ಸಾಲು ನಿಲ್ಲುವುದೂ ಬೇಡ, ಮಗು ಮಲಗಲಿ.

ಮನೋವೈದ್ಯರ ಬಳಿ ಹೋದರೆ ನಾಳೆ ಮದುವೆಗೆ ತೊಡಕಾದೀತು ಎಂಬ ಭಯ ನಮ್ಮಲ್ಲಿ ಬಲವಾಗಿದೆ. ಕಾಯಿಲೆ ಬಂದರೆ ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ) ಕಲಿಸಿದಾಗ ಮನಸ್ಸನ್ನು ಹೊರಗಿಟ್ಟಿರಲಿಲ್ಲ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಈ ಸಂಖ್ಯೆಯನ್ನು ಇಂದೇ ಕಳುಹಿಸಿ.