‘ನನ್ನನ್ನು’ ಅಲ್ಲ, ‘ನಮ್ಮನ್ನು’ ಕಾಪಾಡು

 

ಮಕ್ಕಳ ಪರೀಕ್ಷೆ, ಯಜಮಾನರ ಪ್ರಯಾಣ, ಅತ್ತೆಯವರ ಆಪರೇಷನ್, ಯಾವುದೇ ಇರಲಿ, ನಮ್ಮ ಮನೆಗಳ ಪ್ರಾರ್ಥನೆಯಲ್ಲಿ ತಪ್ಪದೆ ಬರುವ ಮಾತು ‘ದೇವರೇ, ಕಾಪಾಡಪ್ಪಾ’ ಎಂಬುದು. ಆದರೆ ಯೇಸುಸ್ವಾಮಿ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ‘ನನ್ನ’ ಎಂಬ ಪದ ಒಮ್ಮೆಯೂ ಬರುವುದಿಲ್ಲ. ಬಾಗಿಲು ಮುಚ್ಚಿ ಒಬ್ಬಳೇ ಕುಳಿತು ಹೇಳಿದರೂ ‘ನಮ್ಮ’, ‘ನಮಗೆ’ ಎಂದೇ ಹೇಳಬೇಕು. ನಾನು ಮಾತು ಬಿಟ್ಟವಳೂ ಆ ‘ನಮ್ಮ’ ಒಳಗೇ ಇರುತ್ತಾಳೆ.

ಶಿಲುಬೆಯ ಹಿಂದಿನ ರಾತ್ರಿ ಯೇಸು ಮಾಡಿದ ಪ್ರಾರ್ಥನೆ ಯೋಹಾನನ ಸುವಾರ್ತೆಯ 17ನೇ ಅಧ್ಯಾಯದಲ್ಲಿದೆ. ಶಿಷ್ಯರನ್ನು ಈ ಲೋಕದಿಂದ ತೆಗೆದುಬಿಡು ಎಂದು ಅವರು ಕೇಳಲಿಲ್ಲ. ಕೆಡುಕನಿಂದ ಕಾಪಾಡು, ಅವರು ಒಂದಾಗಿರುವಂತೆ ಕಾಪಾಡು ಎಂದು ಕೇಳಿಕೊಂಡರು. ಅದೇ ರಾತ್ರಿ ಊಟದ ವೇಳೆ ಶಿಷ್ಯರು ತಮ್ಮಲ್ಲಿ ಯಾರು ದೊಡ್ಡವರು ಎಂದು ವಾದಿಸಿದರೆಂದು ಲೂಕನು ಬರೆದಿದ್ದಾನೆ. ಸೈನಿಕರು ಬರುವುದಕ್ಕೆ ಮುಂಚೆಯೇ ಅಪಾಯ ಊಟದ ಪಂಕ್ತಿಗೆ ಬಂದು ಕುಳಿತಿತ್ತು!

ಇಂದಿಗೂ ಸಭೆಯ ಚುನಾವಣೆ ಬಂದರೆ ಎರಡು ಗುಂಪಾಗುವುದುಂಟು. ಎರಡೂ ಕಡೆಯವರು ಉಪವಾಸವಿದ್ದು, ‘ಶತ್ರುವನ್ನು ಜಯಿಸಲು ಬಲ ಕೊಡು’ ಎಂದು ಪ್ರಾರ್ಥಿಸುತ್ತಾರೆ. ಮನಸ್ಸಿನಲ್ಲಿರುವ ಶತ್ರು ಪಕ್ಕದ ಬೆಂಚಿನ ಅಕ್ಕ! ನಮ್ಮ ಹೋರಾಟ ಮನುಷ್ಯರೊಂದಿಗಲ್ಲ ಎಂದು ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ದೇವರು ಕೊಡುವ ಸರ್ವಾಯುಧಗಳನ್ನು ವಿವರಿಸಿದ ಮೇಲೆ ಅವನು ಕೇಳಿಕೊಳ್ಳುವುದು, ಎಲ್ಲ ವಿಶ್ವಾಸಿಗಳಿಗಾಗಿ ಪ್ರಾರ್ಥಿಸಿರಿ ಎಂದು.

ಒಂದಾಗುವುದು ಬರೀ ಬಾಯಿಮಾತಿನ ಕೆಲಸವಲ್ಲ. ಇದೇ ಚೆನ್ನೈನ ಸಂತ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್‌ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆಯಿತು. ಅದರ ಮಾತುಕತೆ ಶುರುವಾದದ್ದು 1919ರಲ್ಲಿ, ತರಂಗಂಬಾಡಿಯಲ್ಲಿ. ಇಪ್ಪತ್ತೆಂಟು ವರ್ಷ! ಮೊದಲಿನಿಂದ ದುಡಿದ ಬಿಷಪ್ ವಿ.ಎಸ್. ಅಜರಯ್ಯ ಅವರು 1945ರಲ್ಲೇ ತೀರಿಕೊಂಡರು. ಆ ದಿನವನ್ನು ನೋಡಲಿಲ್ಲ. ಎಲ್ಲ ಸಭೆಗಳೂ ಇದರಲ್ಲಿ ಸೇರಲಿಲ್ಲ, ನಿಜ. ಆದರೂ ಆರಾಧನೆಯ ಕ್ರಮ ಬೇರೆಯಾಗಿದ್ದವರು ಒಂದೇ ಸಭೆಯಾಗಿ ಬಾಳಬಹುದೆಂದು ತೋರಿಸಿಕೊಟ್ಟರು.

ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ. ಒಂದೊಂದು ವರ್ಷ ಒಂದೊಂದು ದೇಶದ ಸ್ತ್ರೀಯರು ಆರಾಧನೆಯ ಕ್ರಮವನ್ನು ಬರೆಯುತ್ತಾರೆ. ಲೋಕದ ನಾನಾ ಕಡೆ, ನಾನಾ ಸಭೆಗಳ ಸ್ತ್ರೀಯರು ಸೇರಿ ಅದನ್ನೇ ಪ್ರಾರ್ಥಿಸುತ್ತಾರೆ. ಕಂಡರಿಯದ ದೇಶದ ಅಕ್ಕತಂಗಿಯರ ನೋವನ್ನು ನಮ್ಮದೆಂದು ದೇವರ ಮುಂದಿಡುವ ನಮಗೆ, ಎದುರು ಮನೆಯವಳ ಹೆಸರು ಹೇಳಿ ಪ್ರಾರ್ಥಿಸುವುದೇ ಕಷ್ಟವಾಗುತ್ತದೆ.

ಆದ್ದರಿಂದ ನನ್ನದೊಂದು ಕೋರಿಕೆ. ಈ ರಾತ್ರಿ ‘ಕಾಪಾಡು’ ಎನ್ನುವ ಮೊದಲು, ಮಾತು ಬಿಟ್ಟವರ ಹೆಸರನ್ನು ಒಮ್ಮೆ ಹೇಳೋಣ. ನಾಳೆ ಅವರಿಗೊಂದು ಫೋನ್ ಮಾಡೋಣ. ಕೇಡು ಒಳಗೆ ಬರುವ ಬಾಗಿಲು ಮುಚ್ಚುವುದು ಹಾಗೆಯೇ.