ಗಂಟಲಿನ ಕ್ರಿಮಿಯ ಗುರುತು ಹಿಡಿದಾಕೆ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಏಳನೆಯ ಇಯತ್ತೆ ಓದಿದವನು ಕ್ರಿಮಿಶಾಸ್ತ್ರದ ಮೇಲೆ ಮಾತಾಡುತ್ತಾನಂತೆ ಎಂದು ಕೆಲವರು ನಕ್ಕರು. ನಗಲಿ. ಈ ವಿಷಯ ನನಗೆ ಅಂಟಿಕೊಂಡದ್ದು ಪುಸ್ತಕದಿಂದಲ್ಲ, ಹೋಟೆಲಿನ ಅಟ್ಟದಿಂದ.

ನಾನು ಮೊದಲು ಕೆಲಸಕ್ಕಿದ್ದಲ್ಲಿ ಒಂಬತ್ತು ಮಂದಿ ಅಟ್ಟದ ಮೇಲೆ ಒತ್ತೊತ್ತಾಗಿ ಮಲಗುತ್ತಿದ್ದೆವು. ಎಲ್ಲರಿಗೂ ಕಿರಿಯವನು ಕಪ್ಪುಬಸಿ ತೊಳೆಯುವ ಹುಡುಗ. ಅವನಿಗೆ ಗಂಟಲುನೋವು, ಜ್ವರ ಬಂತು. ಉಪ್ಪುನೀರು ಮುಕ್ಕಳಿಸು ಎಂದರು ಮಾಲಕರು. ನಾವೂ ಅದನ್ನೇ ಹೇಳಿದೆವು. ನಾಲ್ಕು ದಿನದಲ್ಲಿ ವಾಸಿಯಾಯಿತು. ಮೂರು ವಾರ ಕಳೆದ ಮೇಲೆ ಮೊಣಕಾಲು ಊದಿತು. ಅದು ಇಳಿಯುವಷ್ಟರಲ್ಲಿ ಮೊಣಕೈ. ಕೆಲಸಗಳ್ಳ ಎಂದು ಬೈದು ಊರಿಗೆ ಅಟ್ಟಿದರು. ಮತ್ತೆ ಅವನನ್ನು ಕಂಡಾಗ ನಾಲ್ಕು ಮೆಟ್ಟಿಲು ಹತ್ತಲು ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಹೃದಯದ ಕವಾಟ ಕೆಟ್ಟಿತ್ತು.

ಗಂಟಲಿಗೂ ಹೃದಯಕ್ಕೂ ಏನು ಸಂಬಂಧ? ಈ ಗಂಟನ್ನು ಬಿಡಿಸಲು ನೆರವಾದವರಲ್ಲಿ ಮುಖ್ಯರಾದವರು ಅಮೆರಿಕದ ರೆಬೆಕ್ಕಾ ಲ್ಯಾನ್ಸ್‌ಫೀಲ್ಡ್. 1895ರಲ್ಲಿ ಹುಟ್ಟಿದವರು. 1918ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಗೆ ಸೇರಿದ್ದು ವಿಜ್ಞಾನಿಯಾಗಿ ಅಲ್ಲ, ಪ್ರಯೋಗಶಾಲೆಯ ಸಹಾಯಕಿಯಾಗಿ. ಅದು ಮಹಾಯುದ್ಧದ ಕಾಲ. ಟೆಕ್ಸಾಸಿನ ಸೈನಿಕ ಶಿಬಿರಗಳಲ್ಲಿ ಸಿಪಾಯಿಗಳು ನಮ್ಮ ಅಟ್ಟದವರಂತೆಯೇ ಒತ್ತಾಗಿ ಮಲಗುತ್ತಿದ್ದರು. ಅವರಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯ ಹಬ್ಬಿತ್ತು. ಅಲ್ಲಿಂದ ತಂದ ಕ್ರಿಮಿಗಳನ್ನು ಪರೀಕ್ಷಿಸುವುದು ಈಕೆಯ ಕೆಲಸ. 1919ರಲ್ಲಿ ಫಲಿತಾಂಶ ಅಚ್ಚಾದಾಗ ಎವೆರಿ, ಡೋಶೆ ಎಂಬ ಮೇಲಿನವರಿಬ್ಬರ ಹೆಸರಿನ ಜೊತೆಗೆ ಸಹಾಯಕಿಯ ಹೆಸರೂ ಇತ್ತು. ದುಡಿದವರ ಹೆಸರು ಬೋರ್ಡಿನ ಮೇಲೆ ಬರುವುದು ಎಷ್ಟು ಅಪರೂಪವೆಂದು ನಿಮಗೆ ಹೇಳಬೇಕೇ?

ಸೂಕ್ಷ್ಮದರ್ಶಕದಲ್ಲಿ ಈ ಕ್ರಿಮಿಗಳೆಲ್ಲ ಒಂದೇ ಬಗೆಯ ಮಣಿಸರ. ಒಂದೇ ಸಮವಸ್ತ್ರದ ಮಾಣಿಗಳನ್ನು ದೂರದಿಂದ ನೋಡಿದ ಹಾಗೆ. ಯಾವುದು ಮನುಷ್ಯನನ್ನು ಕೆಡಿಸುವುದು, ಯಾವುದು ದನದ್ದು? ಲ್ಯಾನ್ಸ್‌ಫೀಲ್ಡ್ ಅವರು ಕ್ರಿಮಿಗಳನ್ನು ನೀರು ಬೆರೆಸಿದ ಆಮ್ಲದಲ್ಲಿ ಕಾಯಿಸಿ ಸಾರ ತೆಗೆದರು. ಇನ್ನೊಂದು ಕಡೆ, ಕೊಂದ ಕ್ರಿಮಿಗಳನ್ನು ಮೊಲಕ್ಕೆ ಚುಚ್ಚಿ, ಅವನ್ನು ಎದುರಿಸುವ ಶಕ್ತಿ ಅದರ ರಕ್ತದಲ್ಲಿ ಹುಟ್ಟುವಂತೆ ಮಾಡಿದರು. ಆ ರಕ್ತದ ತಿಳಿಯನ್ನೂ ಕ್ರಿಮಿಯ ಸಾರವನ್ನೂ ಸಪೂರ ಗಾಜಿನ ಕೊಳವೆಯಲ್ಲಿ ಕೂಡಿಸಿದರೆ, ಜೋಡಿ ಸರಿಯಿದ್ದಲ್ಲಿ ಬಿಳಿಯ ಮಡ್ಡಿ ಕಟ್ಟುತ್ತದೆ. ಇಲ್ಲವಾದರೆ ತಿಳಿ ತಿಳಿಯಾಗಿಯೇ ಉಳಿಯುತ್ತದೆ. ಇಷ್ಟೇ ಉಪಾಯ. ಆದರೆ ಎಷ್ಟು ಸಲ, ಎಷ್ಟು ಕೊಳವೆ! 1933ರಲ್ಲಿ 106 ಬಗೆಯ ಮಾದರಿಗಳನ್ನು ಎ, ಬಿ, ಸಿ, ಡಿ, ಇ ಎಂದು ಐದು ಗುಂಪಾಗಿ ವಿಂಗಡಿಸಿ ತೋರಿಸಿದರು. ಮನುಷ್ಯರ ರೋಗದಿಂದ ತೆಗೆದವು ಬಹುತೇಕ ಎ ಗುಂಪು, ದನದವು ಬಿ.

ಎ ಗುಂಪಿನೊಳಗೂ ಅನೇಕ ಜಾತಿಗಳಿವೆಯೆಂದು ಮುಂದೆ ತೋರಿಸಿದರು. ಒಂದು ಜಾತಿಯನ್ನು ಗೆದ್ದ ಮೈ ಇನ್ನೊಂದರ ಎದುರು ಹೊಸಬನೇ. ಗಂಟಲು ಮತ್ತೆ ಮತ್ತೆ ಕೆಡುವುದು ಇದರಿಂದಲೂ ಹೌದು. ಈ ಎ ಗುಂಪಿನ ವಿರುದ್ಧ ಎದ್ದ ಮೈಯ ಶಕ್ತಿ ಕೆಲವರಲ್ಲಿ ಗುರಿ ತಪ್ಪಿ ಸ್ವಂತ ಕೀಲುಗಳನ್ನೂ ಹೃದಯವನ್ನೂ ಹೊಡೆಯುತ್ತದೆ. ನಮ್ಮ ಹುಡುಗನಿಗೆ ಆದದ್ದು ಅದೇ.

ದೇಶದೇಶದ ಪ್ರಯೋಗಶಾಲೆಗಳು ಗುರುತು ಸಿಗದ ಸ್ಟ್ರೆಪ್ಟೊಕಾಕಸನ್ನು ಆಕೆಗೆ ಕಳಿಸುತ್ತಿದ್ದವು. ಸಹೋದ್ಯೋಗಿಗಳು ಆ ಪ್ರಯೋಗಶಾಲೆಯನ್ನು ಸ್ಕಾಟ್ಲೆಂಡ್ ಯಾರ್ಡ್ ಎಂದು ಕರೆದರು. ಲಂಡನ್ ಪೋಲೀಸರ ಪತ್ತೇದಾರಿ ಠಾಣೆಯ ಹೆಸರು. 1943ರಲ್ಲಿ ಅಮೆರಿಕದ ಬ್ಯಾಕ್ಟೀರಿಯ ಶಾಸ್ತ್ರಜ್ಞರ ಸಂಘಕ್ಕೆ ಅಧ್ಯಕ್ಷೆಯಾದರು. 1970ರಲ್ಲಿ ರಾಷ್ಟ್ರೀಯ ಅಕಾಡೆಮಿಯೂ ಸೇರಿಸಿಕೊಂಡಿತು, ಆಗ ಅವರ ವಯಸ್ಸು 75! ತೀರಿಕೊಂಡದ್ದು 1981ರಲ್ಲಿ.

ಎಲ್ಲ ಗಂಟಲುನೋವೂ ಈ ಕ್ರಿಮಿಯದಲ್ಲ. ಹೆಚ್ಚಿನವು ವೈರಸ್ಸಿನವು, ಅವಕ್ಕೆ ಪೆನ್ಸಿಲಿನ್ ಬೇಡ. ಎ ಗುಂಪಿನದಾದರೆ ಬೇಕು. ಸಕಾಲಕ್ಕೆ ಪೆನ್ಸಿಲಿನ್ ಕೊಟ್ಟರೆ ಈ ಕೀಲುಜ್ವರವನ್ನು ತಡೆಯಬಹುದೆಂದು 1950ರಲ್ಲಿ ಅಮೆರಿಕದ ವಾಯುದಳದ ಶಿಬಿರವೊಂದರಲ್ಲಿ ತಿಳಿಯಿತು. ಆ ಔಷಧಕ್ಕೆ ಈ ಕ್ರಿಮಿ ಇಂದಿಗೂ ಬಗ್ಗುತ್ತದೆ. ಒಮ್ಮೆ ಕೀಲುಜ್ವರ ಬಂದವರಿಗೆ ಮೂರು ನಾಲ್ಕು ವಾರಕ್ಕೊಂದು ಸೂಜಿ, ವರ್ಷಗಟ್ಟಲೆ. ಅದಕ್ಕೆ ಅರ್ಧ ದಿನ ರಜೆ ಕೊಡದ ಮಾಲಕರ ಹೆಸರನ್ನು ಸಂಘದ ಕಚೇರಿಗೆ ತಿಳಿಸಿರಿ.

ಡಾಕ್ಟರರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾರೆ. ನಾನು ತಪ್ಪಿದ್ದರೆ ತಿದ್ದುತ್ತಾರೆ. ಅಟ್ಟದ ಮೇಲೆ ಯಾರಿಗಾದರೂ ಗಂಟಲುನೋವಿದ್ದರೆ ಈಗಲೇ ಅವರಿಗೆ ಹೇಳಿ.