ಶೃಂಗೇರಿಯ ರಾಶಿಕಂಬಗಳು

ಹರಿಹರಪುರದಿಂದ ತುಂಗೆಯ ದಡ ಹಿಡಿದು ಪ್ರವಾಹಕ್ಕೆ ಎದುರಾಗಿ ಹೊರಟರೆ ಶೃಂಗೇರಿ. ಮಳೆಗೆ ಅಂಜಿ ಇಳಿಜಾರು ಮಾಡನ್ನೇ ನಚ್ಚಿದ ಈ ಸೀಮೆಯಲ್ಲಿ ವಿದ್ಯಾಶಂಕರ ದೇವಾಲಯದ ಸ್ಥಪತಿಯು ಅಡಿಯಿಂದ ಮುಡಿಯವರೆಗೆ ಕಲ್ಲನ್ನೇ ನಂಬಿದನು. ಪೂರ್ವ ಪಶ್ಚಿಮಗಳೆರಡೂ ಕಡೆ ದುಂಡಾದ ಗೋಡೆ, ಆರು ಬಾಗಿಲು. ಜಗತಿಯ ಶಿಲ್ಪಪಟ್ಟಿಕೆಗಳಲ್ಲಿ ಹೊಯ್ಸಳರ ನೆನಪು.

ಗುರು ವಿದ್ಯಾತೀರ್ಥರ ಸ್ಮಾರಕವಿದು. ಕಟ್ಟಿದ್ದು 1338ರಲ್ಲೆಂದು ಸಂಪ್ರದಾಯ. ಕೆಲವು ವಿದ್ವಾಂಸರು ಕೆಲವು ದಶಕ ಈಚೆಗೆ ತರುವರು. ಹರಿಹರರಾಯನು ಸೋದರರೊಡನೆ ಶೃಂಗೇರಿಗೆ ಬಂದು ಭೂದಾನವಿತ್ತುದು ಮಾತ್ರ 1346ರ ಶಾಸನದಿಂದ ಖಚಿತ.

ಮಂಟಪದಲ್ಲಿ ಹನ್ನೆರಡು ಕಂಬಗಳು, ಒಂದೊಂದಕ್ಕೆ ಒಂದೊಂದು ರಾಶಿ. ಕಂಬದ ಸಿಂಹಗಳ ಬಾಯೊಳಗೆ ಕಲ್ಲುಗುಂಡು. ಉರುಳುವುದು, ಹೊರಕ್ಕೆ ಬಾರದು! ಸೂರ್ಯನಿರುವ ರಾಶಿಯ ಕಂಬವನ್ನೇ ಎಳೆಬಿಸಿಲು ಮುಟ್ಟುವುದೆಂದು ಪ್ರತೀತಿ. ಮನೋಹರವಾದ ಮಾತೇ ಸರಿ. ಆದರೆ ರವಿಯು ಉತ್ತರಕ್ಕೆ ಸರಿಯುವಾಗ ಉದಯಿಸಿದ ದಿಕ್ಕಿನಲ್ಲೇ ದಕ್ಷಿಣಕ್ಕೆ ಮರಳುವಾಗಲೂ ಉದಯಿಸುವನಷ್ಟೆ? ಬೆಳಕಿನ ದಿಕ್ಕೊಂದರಿಂದಲೇ ಹನ್ನೆರಡು ಮಾಸಗಳನ್ನು ಬೇರ್ಪಡಿಸಲಾಗದು. ಶಿಲ್ಪಿಯ ಉದ್ದೇಶ ಗಡಿಯಾರವಲ್ಲ, ಕಾಲಪುರುಷನನ್ನು ಗುರುವಿನ ಬಾಗಿಲಲ್ಲಿ ನಿಲ್ಲಿಸುವುದು ಎಂದು ನನ್ನ ಎಣಿಕೆ.

ಅದಲ್ಲದೆ ಕರ್ಕಾಟಕಮಾಸವೆಂದರೆ ಮಲೆನಾಡಿನಲ್ಲಿ ಮುಸಲಧಾರೆ. ಆ ಕಂಬವು ಎಷ್ಟೋ ವರ್ಷ ತನ್ನ ಸೂರ್ಯನನ್ನು ಕಾಣದೆಯೇ ತಿಂಗಳು ಕಳೆದಿರಬೇಕು.